ಮೇಷ್ಟ್ರಿಗಾಗಿ ನಿಂತ ಮೃದಂಗ

ಗುರುವಾರ, ನವೆಂಬರ್ ೧೪

ಇವತ್ತೂ ನಮ್ಮ ಆಪ್ ಕೈಕೊಟ್ಟರೆ ಕಂಪನಿ ಮುಚ್ಚೋಣ ಎಂದು ಸುಪ್ರೀತ್ ಬೆಳಿಗ್ಗೆಯೇ ಹೇಳಿಬಿಟ್ಟಿದ್ದ. ಕಂಪನಿ ಎಂದರೆ ನಾವಿಬ್ಬರೇ. ಮೇಟಗಳ್ಳಿಯ ಕಾರ್ಖಾನೆಯೊಂದು ಅವನನ್ನು ಕೆಲಸಕ್ಕೆ ಕರೆಯುತ್ತಿದೆ. ಹಾಡುವವರ ಜೊತೆ ಫೋನಿನಲ್ಲೇ ಮೃದಂಗ ನುಡಿಸುವ ಆಪ್ ನಮ್ಮದು. ಅದರ ರೋಗ ಒಂದೇ, ಯಾರಿಗೂ ಕಾಯದೆ ಓಡುವುದು.

ಸಂಜೆ ಅಗ್ರಹಾರಕ್ಕೆ, ನನಗೆ ಚಿಕ್ಕಂದಿನಲ್ಲಿ ಸಂಗೀತ ಕಲಿಸಿದ ಸುಂದರೇಶ ಮೇಷ್ಟ್ರ ಮನೆಗೆ ಹೋದೆವು. ಹೋದ ಸಲ ಅವರು, "ಇದು ನನ್ನನ್ನ ಅಟ್ಟಿಸ್ಕೊಂಡು ಬರುತ್ತೆ ಕಣಮ್ಮ" ಎಂದು ಅರ್ಧಕ್ಕೇ ಹಾಡು ನಿಲ್ಲಿಸಿದ್ದರು. ಅಂದಿನಿಂದ ಅದಕ್ಕೆ ಕಾಯುವುದನ್ನೇ ಕಲಿಸುತ್ತಿದ್ದೇವೆ.

ಚರಣದ ನಡುವೆ ಮೇಷ್ಟ್ರಿಗೆ ಕೆಮ್ಮು ಬಂತು. ಸುಪ್ರೀತ್ ತಲೆ ತಗ್ಗಿಸಿದ. ಆದರೆ ಮೃದಂಗ ಮೆತ್ತಗಾಗಿ ನಿಂತೇಬಿಟ್ಟಿತು. ಮೇಷ್ಟ್ರು ನೀರು ಕುಡಿದು, ಬೇಕೆಂದೇ ಇನ್ನೂ ನಿಧಾನವಾಗಿ ಸಾಲೆತ್ತಿಕೊಂಡರು. ಅದೂ ಅಷ್ಟೇ ನಿಧಾನವಾಗಿ ಬಂದು ಸೇರಿಕೊಂಡಿತು. ಅವರು ಪಕ್ಕವಾದ್ಯದವರ ಕಡೆ ತಿರುಗುವ ಹಾಗೆ ಫೋನಿನ ಕಡೆ ತಿರುಗಿ "ಭೇಷ್" ಎಂದರು.

ಹಾಡು ಮುಗಿದ ಮೇಲೆ ಹೆಂಡತಿಯನ್ನು ಕೂಗಿ, "ನಾಗಮಣಿ, ಮೃದಂಗದವರಿಗೂ ಒಂದು ಲೋಟ ಕಾಫಿ ತಾ" ಎಂದರು. ಆಕೆ ನಗುತ್ತಾ ತಂದು ಫೋನಿನ ಮುಂದೆ ಇಟ್ಟರು.

ಹೊರಗೆ ಬಂದವನೇ ಸುಪ್ರೀತ್ ಯಾರಿಗೋ ಫೋನ್ ಮಾಡಿ ಮುಗಿಸಿ ನನ್ನ ಕಡೆ ತಿರುಗಿದ.

"ಕಾರ್ಖಾನೆಗೆ ಬರಲ್ಲ ಅಂತ ಹೇಳ್ಬುಟ್ಟೆ ಕಣೇ."

"ಯಾಕೋ? ಇಷ್ಟು ಬೇಗ?"

"ಇದಕ್ಕಿನ್ನೂ ತನಿ ಆವರ್ತನ ಕಲಿಸ್ಬೇಡ್ವಾ?"

ಹಾಡಿಲ್ಲದೆ ಮೃದಂಗವೊಂದೇ ನುಡಿಯುವ ಆ ಭಾಗವನ್ನು ಹೇಗೆ ಕಲಿಸುತ್ತೇವೋ ಇಬ್ಬರಿಗೂ ಗೊತ್ತಿಲ್ಲ. ಈಗಲೂ ಅವನ ಮೆಸೇಜುಗಳು ಬರುತ್ತಲೇ ಇವೆ. ಕಣ್ಣು ಎಳೆಯುತ್ತಿದೆ, ಆದರೂ ಇದೊಂದನ್ನು ಓದಿ ಮಲಗುತ್ತೇನೆ.