ಅಮ್ಮನ ಶಾಲಿನ ರಫು

ಶ್ರೀನಗರ, ೧೨ ಜನವರಿ ೧೯೮೭, ಸೋಮವಾರ ರಾತ್ರಿ

ತಂಗಿ ಜೂನಾ, ಹೇಗಿದ್ದೀಯ? ನಿನ್ನ ಯಜಮಾನರು ಹಬೀಬರ ಮಂಡಿನೋವು, ಮೊಮ್ಮಗಳು ಶಮೀಮಾಳ ಕೆಮ್ಮು ಹೇಗಿವೆ? ನಾಳೆಯ ಕಾಗದದಲ್ಲಿ ಕೇಳಬೇಕಾದ್ದನ್ನು ಮನಸ್ಸು ನಿಲ್ಲದೆ ಇಂದೇ ದಿನಚರಿಯಲ್ಲಿ ಬರೆಯುತ್ತಿದ್ದೇನೆ.

ಕರಕುಶಲ ಪ್ರದರ್ಶನದ ಮೇಡಂ ಹಿಮ ತುಳಿದುಕೊಂಡು ಬಂದಿದ್ದರು. ತೂತು ಮುಚ್ಚಿ ನಾನು ಹೊಲಿದ ಮೊದಲ ರಫು ಅಲ್ಲಿಡಬೇಕಂತೆ. ಅಮ್ಮನ ಶಾಲು ತೆಗೆದುಕೊಟ್ಟೆ.

"ಚಾಚಾ, ರಫು ಎಲ್ಲಿದೆ?"

"ಕಂಡ್ರೆ ಅದೆಂಥಾ ರಫು, ಮಗಳೇ?" ಎಂದು ಜಂಬ ಕೊಚ್ಚಿಕೊಂಡೆ.

"ಹಾಗಂತ ಜನಕ್ಕೆ ಬರೀ ಶಾಲು ತೋರಿಸ್ಲಾ? ಭಾನುವಾರದೊಳಗೆ ಆ ಜಾಗಕ್ಕೊಂದು ಕೆಂಪು ದಾರ ಕಟ್ಟಿಡಿ."

ಅವರು ಹೋದಮೇಲೆ ನಾಲ್ಕು ಸಲ ಶಾಲು ಬಿಡಿಸಿ ನೋಡಿದೆ, ಬೆರಳಾಡಿಸಿದೆ. ಸಿಗಲಿಲ್ಲ. ಅಂದಿನ ಕೈ ಅಷ್ಟು ಒಳ್ಳೆಯದೋ, ಇಂದಿನ ಕಣ್ಣು ಇಷ್ಟು ಕೆಟ್ಟಿದೆಯೋ? ಕಣ್ಣೇ ಹೋಗಿದ್ದರೆ ನಾಳೆಯಿಂದ ಸೂಜಿ ಹಿಡಿಯುವುದು ಹೇಗೆ? ಎದ್ದು ಕಿಟಕಿಗೆ ಹೋಗುತ್ತೇನೆ, ಮತ್ತೆ ಬಂದು ಕೂರುತ್ತೇನೆ.

ನೀನು ಚಳಿ ಕಾಯಿಸಿಕೊಳ್ಳುತ್ತಿದ್ದ ಕಾಂಗ್ರಿಯ ಕೆಂಡ ಬಿದ್ದು ಶಾಲು ಸುಟ್ಟದ್ದು ಯಾವ ಮೂಲೆಯಲ್ಲಿ, ಜೂನಾ? ಅಮ್ಮನಿಗೆ ಕಾಣದಿರಲಿ ಎಂದು ಬಾಗಿಲು ಹಾಕಿಕೊಂಡು, ನೀನು ದೀಪ ಹಿಡಿದು ನಾನು ಹೊಲಿದೆನಲ್ಲ, ಈಗ ಅದು ನನಗೂ ಕಾಣುತ್ತಿಲ್ಲ. ಬೇಗ ಬರೆ.