ಮೈನಸ್ ನಲವತ್ತಕ್ಕೊಂದು ಗಾಡಿ

ಫೆಬ್ರವರಿ 3, 2001. ಶನಿವಾರ

ಇವತ್ತೂ ಅದೇ. ಸ್ಟೀವನ್ಸ್ ಕ್ರೀಕ್ ರಸ್ತೆ, ಒಂದಾದ ಮೇಲೊಂದು ಶೋರೂಮು. ಆಸ್ಪತ್ರೆಯಲ್ಲಿ ಮೂವತ್ತು ಗಂಟೆ ಡ್ಯೂಟಿ ಮುಗಿಸಿ ಬಂದವಳು, ಮಲಗಬೇಕಿತ್ತು. ಸೇಲ್ಸ್‌ನವನು ಎಲ್ಲವನ್ನೂ ಗಂಡನಿಗೇ, ವಿಕಾಸ್‌ಗೇ ವಿವರಿಸಿದ — ಲೆದರ್ ಸೀಟು, ಸನ್‌ರೂಫು, ಆರು ಸಿ.ಡಿ. ಹಿಡಿಯುವ ಸ್ಟೀರಿಯೋ. ಮೈನಸ್ ನಲವತ್ತು ಡಿಗ್ರಿ ಚಳಿಯಲ್ಲಿ ಸ್ಟಾರ್ಟ್ ಆಗುತ್ತದಾ ಎಂದು ಕೇಳಿದೆ. ಹಲ್ಲು ಬಿಟ್ಟ. ಪಾಪ, ಅವನನ್ನು ಯಾರೂ ಹಾಗೆ ಕೇಳಿರಲಿಕ್ಕಿಲ್ಲ. ಹಿಮವೇ ಬೀಳದ ಈ ಊರಲ್ಲಿ ಫೋರ್ ವೀಲ್ ಡ್ರೈವ್ ಕೊಳ್ಳುವವರು ಅದರಲ್ಲಿ ಗ್ರೋಸರಿಗೆ ಹೋಗುತ್ತಾರೆ.

ಜುಲೈನಿಂದ ಅಲಾಸ್ಕಾ. ಬೇಕೆಂದು ಹೋಗುತ್ತಿಲ್ಲ. ಇಲ್ಲಿ ಡಾಕ್ಟರ ತರಬೇತಿಗೆಂದು, ರೆಸಿಡೆನ್ಸಿಗೆಂದು, ಕೊಟ್ಟ ವೀಸಾದ ಷರತ್ತೇ ಹಾಗೆ: ಮುಗಿದ ಮೇಲೆ ಎರಡು ವರ್ಷ ಇಂಡಿಯಾಕ್ಕೆ ವಾಪಸ್, ಇಲ್ಲವೇ ಡಾಕ್ಟರೇ ಸಿಗದ ಮೂಲೆಯಲ್ಲಿ ಮೂರು ವರ್ಷ. ನನಗೆ ಸಿಕ್ಕ ಮೂಲೆ ಅಲ್ಲಿನ ಫೇರ್‌ಬ್ಯಾಂಕ್ಸ್ ಪಟ್ಟಣದಿಂದ ನಾಲ್ಕು ಗಂಟೆ ದಾರಿ. ಅಲ್ಲಿಂದ ವಾರಕ್ಕೆರಡು ಸಲ ಅರವತ್ತು ಮೈಲಿ ಆಚೆಯ ಹಳ್ಳಿಗೆ ನಾನೇ ಓಡಿಸಿಕೊಂಡು ಹೋಗಬೇಕು. ನಡುವೆ ಮನೆಯಿಲ್ಲ, ಸೆಲ್‌ಫೋನ್ ಹತ್ತುವುದಿಲ್ಲ. ಗಾಡಿ ನಿಂತರೆ ನಾನೂ ನಿಂತ ಹಾಗೇ.

ಆದರೆ ನಿಜವಾದ ಹೆದರಿಕೆ ಗಾಡಿಯದ್ದಲ್ಲ. ದೀಪಾವಳಿಯಲ್ಲಿ ವಿಕಾಸ್ “ಒಟ್ಟಿಗೇ ಹೋಗೋಣ” ಅಂದಿದ್ದ. ಹೊಸ ವರ್ಷಕ್ಕೆ “ನೀನು ಹೋಗಿರು, ಮೂರು ತಿಂಗಳು ಬಿಟ್ಟು ಬರ್ತೀನಿ” ಆಯಿತು. ಇವತ್ತು ಫ್ರೀವೇಯಲ್ಲಿ, ಕನ್ನಡಿ ನೋಡುತ್ತಾ — “ಆರು ತಿಂಗಳಾಗಬಹುದು ಶೈಲೂ. ಕಂಪನಿ ಕೊಡೋ ಸ್ಟಾಕ್ ಆಪ್ಷನ್ಸ್ ಕೈಗೆ ಬರಬೇಕಲ್ಲ.” ಬರುತ್ತೀಯೋ ಇಲ್ಲವೋ ಎಂದು ನೇರವಾಗಿ ಕೇಳಬೇಕಿತ್ತು. ದಿನವೂ ಎಂಥೆಂಥ ಕೆಟ್ಟ ಸುದ್ದಿಯನ್ನು ಪೇಷಂಟುಗಳಿಗೆ ಹೇಳುವ ಬಾಯಿ. ಇದೊಂದನ್ನು ಕೇಳಲು ಏಳುತ್ತಿಲ್ಲ.

ಫೆಬ್ರವರಿ 6. ಮಂಗಳವಾರ

ನಾನು ಯಾರ ಜಾಗಕ್ಕೆ ಹೋಗುತ್ತೇನೋ ಆ ಡಾಕ್ಟರ ಜೊತೆ ಫೋನು. ಹೆಂಗಸು, ಒಳ್ಳೆಯವಳು, ಗಟ್ಟಿ ದನಿ. ಮೊದಲ ಪ್ರಶ್ನೆಯೇ — ನಿನ್ನ ಗಾಡಿಗೆ ಪ್ಲಗ್ ಇದೆಯಾ? ಅರ್ಥವಾಗಲಿಲ್ಲ. ಇಂಜಿನ್ನಿಗೆ ಒಂದು ಹೀಟರು ಕೂರಿಸಿರುತ್ತಾರಂತೆ, ಅದರ ವೈರು ಮುಂದಿನ ಜಾಲರಿಯಿಂದ ಹೊರಗೆ ನೇತಾಡುತ್ತಿರುತ್ತದಂತೆ. ರಾತ್ರಿ ಗಾಡಿಯನ್ನು ಟೋಸ್ಟರ್ ಥರ ಗೋಡೆಗೆ ಚುಚ್ಚಿ ಮಲಗಬೇಕು. ಇಲ್ಲದಿದ್ದರೆ ಬೆಳಿಗ್ಗೆ ಆಯಿಲ್ ಗಟ್ಟಿ.

ಫೋರ್ ವೀಲ್ ಡ್ರೈವ್ ಹಿಮದಲ್ಲಿ ನಿನ್ನನ್ನು ಹೊರಡಿಸುತ್ತದೆ, ಬ್ರೇಕ್ ಹಾಕಿದಾಗ ನಿಲ್ಲಿಸುವುದಿಲ್ಲ, ಅದನ್ನು ಮರೆಯಬೇಡ ಎಂದಳು. ಕೊನೆಗೆ, ಜೊತೆಗೆ ಯಾರು ಬರುತ್ತಾರೆ ಅಂತ ಕೇಳಿದಳು. ಗಂಡ ಎಂದೆ. ಒಳ್ಳೇದು, ಮೊದಲ ಚಳಿಗಾಲ ಒಬ್ಬಳೇ ಇರಬೇಡ ಎಂದಳು.

ವಿಕಾಸ್‌ಗೆ ಎಲ್ಲ ಹೇಳಿದೆ. ಪ್ಲಗ್ಗಿನ ಬಗ್ಗೆ ಅರ್ಧ ಗಂಟೆ ಇಂಟರ್ನೆಟ್ಟಿನಲ್ಲಿ ಓದಿದ. ಕೊನೆಯ ಮಾತು ಕೇಳಿಸಲೇ ಇಲ್ಲವೇನೋ.

ಫೆಬ್ರವರಿ 11. ಭಾನುವಾರ

ಮೈಯೆಲ್ಲ ಉರಿಯುತ್ತಿದೆ. ಬರೆದರೆ ಕಡಿಮೆಯಾಗಬಹುದು.

ಮಧ್ಯಾಹ್ನ ಕ್ಯಾಂಪ್‌ಬೆಲ್‌ನಲ್ಲಿ ವೈಕುಂಠ ರಾಯರ ಮನೆ ಊಟ. ಉಡುಪಿಯವರು, ಇಲ್ಲಿಗೆ ಬಂದು ಇಪ್ಪತ್ತೈದು ವರ್ಷ. ನಮ್ಮವರು ಯಾರೇ ಕಾರು ಕೊಂಡರೂ ಇವರನ್ನು ಕೇಳಿಯೇ ಕೊಳ್ಳುವುದು. ಹತ್ತು ಮನೆಯ ಮುಂದೆ ಹತ್ತು ಒಂದೇ ಬಣ್ಣದ ಕ್ಯಾಮ್ರಿ ನಿಂತಿರುವುದು ಇವರ ಕೃಪೆ.

“ಎಂತ ಮಾರಾಯ್ತಿ, ಅಷ್ಟು ದೊಡ್ಡ ಗಾಡಿ ಎಂತಕ್ಕೆ? ಕ್ಯಾಮ್ರಿ ಟೈರಿಗೆ ಚೈನು ಹಾಕಿದ್ರೆ ಸಾಕು. ಮಾರುವಾಗ ರೇಟೂ ಉಂಟು.”

“ಮಾರೋಕೆ ನಾನು ಬದುಕಿರಬೇಕಲ್ಲ ರಾಯರೇ” ಎಂದೆ. ಎಲ್ಲರೂ ನಕ್ಕರು. ವಿಕಾಸ್ ನಗಲಿಲ್ಲ.

ಊಟವಾದ ಮೇಲೆ ಪೇಪರಿನಲ್ಲಿದ್ದ ಹಳೇ ಗಾಡಿಯ ಜಾಹೀರಾತು ಹಿಡಿದು ಹತ್ತಿರದ ನೆವಾರ್ಕ್‌ಗೆ. ಗಾಡಿ ಮಾರುವ ಮನುಷ್ಯ ಹೋದ ವರ್ಷ ಅಲಾಸ್ಕಾದಿಂದ ಬಂದವನು. ಗಾಡಿ ಅಲ್ಲೇ ನಾಲ್ಕು ಚಳಿಗಾಲ ಕಂಡದ್ದು. ಹೊರಡುವ ಮೊದಲು ಫೋನಿನಲ್ಲಿ ಕೇಳಿದ್ದೆ — ವೈರು ನೇತಾಡುತ್ತಿದೆಯಾ? ಇದೆ ಎಂದ. ಕುಣಿದಾಡುವಷ್ಟು ಖುಷಿಯಾಯಿತು. ಐದು ಗಂಟೆಗೆ ಬನ್ನಿ, ಆರಕ್ಕೆ ಇನ್ನೊಬ್ಬರು ಬರುತ್ತಾರೆ ಎಂದ.

ಅವನ ಬೀದಿಯ ತುದಿಯಲ್ಲಿ ವಿಕಾಸ್ ಕಾರು ನಿಲ್ಲಿಸಿದ. “ನಾಲ್ಕೂವರೆಯಿಂದ ಆರು ರಾಹುಕಾಲ. ಮುಗೀಲಿ.”

ತಮಾಷೆ ಅಂದುಕೊಂಡೆ. ಅಲ್ಲ.

“ನೀನು ಯಾವಾಗಿಂದ ರಾಹುಕಾಲ ನೋಡೋಕೆ ಶುರು ಮಾಡಿದೆ?”

“ಅಮ್ಮ ಫೋನಲ್ಲಿ ಕೇಳೇ ಕೇಳ್ತಾಳೆ. ಹೊಸ ಗಾಡಿ, ದೂರದ ಊರು... ರಿಸ್ಕ್ ಯಾಕೆ?”

ಅತ್ತೆಯ ಹೆಸರು ಬಂದ ಮೇಲೆ ಸೀಟ್‌ಬೆಲ್ಟ್ ಬಿಚ್ಚಿ ಹಿಂದಕ್ಕೊರಗಿದೆ. ನನಗೂ ಒಳಗೊಳಗೇ ಅಳುಕು. ಇಬ್ಬರು ಓದಿದವರು, ಒಬ್ಬಳು ಡಾಕ್ಟರು, ಕಾರಿನಲ್ಲಿ ಕೂತು ರಾಹುವಿಗೆ ಕಾದೆವು. ಆರಕ್ಕೆ ಹೋದರೆ ಆ ಇನ್ನೊಬ್ಬರು ಬೇಗ ಬಂದು ಕೊಂಡಾಗಿತ್ತು. ನಮ್ಮ ಕಣ್ಣೆದುರೇ ಗಾಡಿ ಹೊರಟಿತು.

ವಿಕಾಸ್ ಮುಖದಲ್ಲಿ ಬೇಸರವಿರಲಿಲ್ಲ. ನೋಡಿದೆ, ಸರಿಯಾಗಿ ನೋಡಿದೆ. ಹಗುರಾದವನ ಮುಖ. ಗಾಡಿ ಸಿಕ್ಕಿಬಿಟ್ಟರೆ ಮುಂದಿನ ಮಾತು ಆಡಬೇಕಾಗುತ್ತದಲ್ಲ.

ಫೆಬ್ರವರಿ 17. ಶನಿವಾರ

ಬೆರ್ರಿಯೆಸಾದ ನಮ್ಮ ಅಪಾರ್ಟ್‌ಮೆಂಟಿನ ಪಾರ್ಕಿಂಗ್ ಲಾಟು. ಬಿಸಿಲು, ಮಕ್ಕಳು ಸೈಕಲ್ ಹೊಡೆಯುತ್ತಿದ್ದಾರೆ. ನಾನು ನೆಲಕ್ಕೆ ಬಿದ್ದು ಟೈರಿಗೆ ಹಿಮದ ಚೈನು ಕಟ್ಟುತ್ತಿದ್ದೇನೆ! ಗೆಳತಿ ನೀತಾ, ಅವಳ ಗಂಡ ಉಲ್ಲಾಸ್ ಅವರ ದೊಡ್ಡ ಗಾಡಿ. ಉಲ್ಲಾಸ್ ವಿಕಾಸ್‌ನ ಆಫೀಸಿನವನೇ, ಒಂದು ವಾರಕ್ಕೆ ಪ್ರಾಕ್ಟೀಸಿಗೆ ಕೊಟ್ಟಿದ್ದಾನೆ.

ವಿಕಾಸ್ ಕೈಕಟ್ಟಿ ನಿಂತಿದ್ದ. ಚೈನು ಒಳಬದಿ ಸಿಕ್ಕಿಕೊಂಡಿತು, ನನ್ನ ಬೆರಳು ಜಜ್ಜಿತು, ಅವನು ಬಗ್ಗಲೇ ಇಲ್ಲ.

“ಸ್ವಲ್ಪ ಹಿಡ್ಕೋ.”

“ಬೇಡ. ನೀನೇ ಮಾಡು. ಗ್ಲೌಸ್ ಹಾಕ್ಕೊಂಡು ಇನ್ನೊಂದ್ಸಲ.”

ಆಮೇಲೆ ಜ್ಯಾಕು. ಆಮೇಲೆ ಸ್ಟೆಪ್ನಿ. ಎಲ್ಲ ಒಬ್ಬಳೇ. ಬೆವರು ಕಣ್ಣಿಗಿಳಿದು ಉರಿ. ಅಲ್ಲೇ ಕೂತು ಕೇಳಿದೆ, “ನಾನು ಅಲ್ಲಿ ಹೀಗೆ ಬಿದ್ದಿರುವಾಗ ನೀನೆಲ್ಲಿರ್ತೀಯ ವಿಕಾಸ್?”

“ವರ್ಸ್ಟ್ ಕೇಸ್‌ಗೆ ಅಂತ ಹೇಳಿಕೊಡ್ತಿದೀನಿ.”

“ಕೇಳಿದ್ದು ಅದಲ್ಲ.”

ಟೈರಿಗೆ ಗಾಳಿ ಕಡಿಮೆಯಿದೆ ಎಂದು ಬಗ್ಗಿ ನೋಡಿದ. ಇವನು ಟೆಸ್ಟ್ ಇಂಜಿನಿಯರು. ಸಾಫ್ಟ್‌ವೇರ್ ಎಲ್ಲೆಲ್ಲಿ ಕೈಕೊಡಬಹುದೆಂದು ಹುಡುಕುವುದೇ ಕೆಲಸ. ಈಗ ನನ್ನನ್ನು ಟೆಸ್ಟ್ ಮಾಡುತ್ತಿದ್ದಾನೆ, ತಾನಿಲ್ಲದಿದ್ದರೂ ನಡೆಯುತ್ತೇನೋ ಇಲ್ಲವೋ ಅಂತ. ಅವಮಾನವಾಯಿತು. ಮೇಲೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತೆ.

ಫೆಬ್ರವರಿ 25. ಭಾನುವಾರ

ಆಗಿಹೋಯಿತು.

ನಿನ್ನೆ ಸಿಯೆರಾ ಬೆಟ್ಟಕ್ಕೆ ಹೋಗಿದ್ದೆವು. ಉಲ್ಲಾಸನ ಗಾಡಿ, ನಿಜವಾದ ಹಿಮ. ಫ್ರೀವೇ ಬಿಟ್ಟು ಸಣ್ಣ ರಸ್ತೆ. ನಾನೇ ಓಡಿಸಿದೆ. ಏರು ಆರಾಮ — ಆನೆಯ ಹಾಗೆ ಹತ್ತಿತು. ಖುಷಿಯಿಂದ ಹಾಡು ಗುನುಗುತ್ತಿದ್ದೆ. ಇಳಿಜಾರಿನ ತಿರುವಿನಲ್ಲಿ ಬ್ರೇಕ್ ಮೇಲೆ ಕಾಲಿಟ್ಟೆ, ಅಷ್ಟೇ. ಹಿಂಬದಿ ತಾನೇ ಹೊರಟಿತು. ಎಡಕ್ಕೆ ಪ್ರಪಾತ. ಬ್ರೇಕಿನಿಂದ ಕಾಲು ತೆಗೆ, ಜಾರುವ ಕಡೆಗೇ ಸ್ಟೀರಿಂಗ್ ತಿರುಗಿಸು — ಓದಿದ್ದೆಲ್ಲ ನೆನಪಿಗೆ ಬಂತು. ತಿರುಗಿಸುತ್ತಲೂ ಇದ್ದೆ. ವಿಕಾಸ್ ಕಿರುಚಿಕೊಂಡು ಸ್ಟೀರಿಂಗ್‌ಗೆ ಕೈ ಹಾಕಿ ಎಳೆದ.

ಗಿರ್ರನೆ ಒಂದು ಸುತ್ತು. ಬಲಬದಿಯ ಹಿಮದ ದಿಬ್ಬಕ್ಕೆ ಮೂತಿ ತೂರಿ ನಿಂತೆವು. ಯಾರಿಗೂ ಏನೂ ಆಗಲಿಲ್ಲ. ಬಂಪರ್ ಚೂರು ಸೊಟ್ಟಗಾಗಿದೆ.

ಇಂಜಿನ್ ಆರಿಸಿದೆ. ಎಷ್ಟು ನಿಶ್ಶಬ್ದವೆಂದರೆ ಅವನ ಹಲ್ಲು ಕಟಕಟಿಸುವುದು ಕೇಳುತ್ತಿತ್ತು. ಚಳಿಗಲ್ಲ.

“ನನ್ನ ಕೈಲಿ ಆಗಲ್ಲ ಶೈಲೂ. ಈ ಬಿಳೀ ನೋಡಿದ್ರೇ ಉಸಿರು ಕಟ್ಟುತ್ತೆ. ಮೂರು ವರ್ಷ, ಕತ್ತಲೆ, ಯಾರೂ ಇಲ್ಲ, ಕೆಲಸ ಇಲ್ಲ... ನಾನು ಬರಲ್ಲ. ಹೇಳಬೇಕು ಹೇಳಬೇಕು ಅಂತ ಎಷ್ಟು ದಿನದಿಂದ... ನಾನು ಬರಲ್ಲ.”

ಸಲಿಕೆ ತೆಗೆದು ಹಿಮ ಬಗೆದೆ. ಅವನೂ ಬಗೆದ. ಬರುವಾಗ ಪೂರ್ತಿ ನಾನೇ ಓಡಿಸಿದೆ.

ಮಾರ್ಚ್ 4. ಭಾನುವಾರ

ಬರೆಯಲು ಏನೂ ಇಲ್ಲ. ಅವನು ಹಾಲ್‌ನಲ್ಲಿ ಮಲಗುತ್ತಾನೆ.

ಮಾರ್ಚ್ 15. ಗುರುವಾರ

ಅಕ್ಷರ ನೆಟ್ಟಗಿಲ್ಲ. ಇರಲಿ.

ಸಂಜೆ ಬೇಗ ಬಂದ. ನಾನು ಹುಳಿಗೆ ಒಗ್ಗರಣೆ ಹಾಕುತ್ತಿದ್ದೆ. ಬಂದವನೇ ಅಡುಗೆಮನೆ ಬಾಗಿಲಲ್ಲಿ ನಿಂತು, “ಬರ್ತೀನಿ. ಜುಲೈಗೇ. ಜೊತೆಗೇ” ಎಂದ.

ಸಾಸಿವೆ ಕಪ್ಪಾಗಿ ಹೋಯಿತು. “ಕೆಲಸ?” ಎಂದೆ. “ಹೋಗ್ಲಿ ಬಿಡು” ಎಂದ. “ಚಳಿ?” ಎಂದೆ. “ನೀನಿದೀಯಲ್ಲ.” ಮೂರು ವಾರದಿಂದ ಕಣ್ಣೀರು ಒಂದು ಹನಿ ಬಂದಿರಲಿಲ್ಲ, ಇವತ್ತು ಧಾರಾಕಾರ. ಅವನ ಷರ್ಟೆಲ್ಲ ಒದ್ದೆ.

ಊಟಕ್ಕೆ ಕೂತಾಗ ಗಾಡಿಯ ಮಾತು ತಾನಾಗಿಯೇ ಬಂತು. ಅವನಿಗೆ ಎಲ್ಲ ಆಟೋಮ್ಯಾಟಿಕ್ ಆಗಿರಬೇಕು, ನಾಲ್ಕು ಚಕ್ರವೂ ಸದಾ ತಾನೇ ತಿರುಗುತ್ತಿರಬೇಕು. ನನಗೆ ಲಿವರ್ ಇರುವುದೇ ಬೇಕು — ಯಾವಾಗ ಎರಡು ಚಕ್ರ, ಯಾವಾಗ ನಾಲ್ಕು, ನನ್ನ ಕೈಗೆ ಗೊತ್ತಾಗಬೇಕು. ಹಿಮಕ್ಕೆ ಹೋಗುವವರೆಗೂ ತಿಂಗಳಿಡೀ ಇದೇ ಜಗಳವಾಗಿತ್ತು. ಇವತ್ತು “ನೀನು ಹೇಳಿದ್ದೇ ಆಗ್ಲಿ” ಎಂದ. ಸಾಂಟಾ ಕ್ಲಾರಾದಲ್ಲಿ ಎರಡು ವರ್ಷ ಹಳೆಯದೊಂದು ಲಿವರಿನ ಫೋರ್‌ರನ್ನರ್ ಗಾಡಿ ನೋಡಿಟ್ಟಿದ್ದೆ. ಪ್ಲಗ್ಗಿನ ಹೀಟರು ತರಿಸಿ ಹಾಕಿಕೊಡಲು ಡೀಲರು ಒಪ್ಪಿದ್ದಾನೆ. ಶನಿವಾರ ಹೋಗುತ್ತೇವೆ.

ಸುಖವಾಗಿದೆ. ಇಷ್ಟೇ ಬರೆಯುವುದು.

ಮಾರ್ಚ್ 17. ಶನಿವಾರ. ಡೀಲರ ಲಾಬಿ, ಹನ್ನೊಂದೂವರೆ

ಪೇಪರು ತಯಾರಾಗುತ್ತಿದೆ. ಮೂಲೆಯ ಕುರ್ಚಿಯಲ್ಲಿ ಕೂತಿದ್ದೇನೆ. ವಿಕಾಸ್ ಹೊರಗೆ, ಗಾಜಿನ ಆಚೆ, ಗಾಡಿಯ ಹತ್ತಿರ.

ಬೆಳಿಗ್ಗೆ ಅವನು ಸ್ನಾನಕ್ಕೆ ಹೋದಾಗ ನೀತಾ ಫೋನ್ ಮಾಡಿದ್ದಳು. ಅಳುತ್ತಿದ್ದಳು. “ಉಲ್ಲಾಸ್‌ದು ಕೆಲಸ ಹೋಯ್ತು ಕಣೇ. ಬುಧವಾರ ಬೆಳಿಗ್ಗೆ ಇವರಿಬ್ಬರ ಇಡೀ ಟೀಮನ್ನ ಒಂದೇ ರೂಮಿಗೆ ಕರೆದು ಹೇಳಿದ್ರಂತೆ. ವಿಕಾಸ್ ಹೇಗಿದಾನೆ?”

ಬುಧವಾರ. ನನಗೆ ಬರುತ್ತೇನೆ ಎಂದದ್ದು ಗುರುವಾರ.

ಕೆಲಸ ಹೋದರೆ ಅವನ ವೀಸಾವೂ ಹೋಯಿತು. ಈ ದೇಶದಲ್ಲಿ ಉಳಿಯಬೇಕಾದರೆ ಸಲೀಸಾದ ದಾರಿ ಒಂದೇ — ಹೆಂಡತಿಯ ವೀಸಾಕ್ಕೆ ಸೇರಿಕೊಳ್ಳುವುದು. ಹೆಂಡತಿಯ ವೀಸಾ ಇರುವುದು ಅಲಾಸ್ಕಾದಲ್ಲಿ.

ಕಾರಿನಲ್ಲಿ ಕೇಳಿದೆ. ಈ ಸಲ ಬಾಯಿ ಬಂತು.

“ಬುಧವಾರ ಗೊತ್ತಾಯ್ತಾ?”

ಸಿಗ್ನಲ್ ಕೆಂಪಿತ್ತು. “ಹ್ಞೂಂ.”

“ಕೆಲಸ ಇದ್ದಿದ್ರೆ ಬರ್ತಿದ್ಯಾ?”

ಸಿಗ್ನಲ್ ಹಸಿರಾಯಿತು, ಹಿಂದಿನವರು ಹಾರ್ನ್ ಮಾಡಿದರು. “ಇಲ್ಲ ಶೈಲೂ. ಬರ್ತಿರಲಿಲ್ಲ” ಎಂದ. ಮುಂದಿನ ಸಿಗ್ನಲ್ ಹತ್ತಿರ, “ಆದ್ರೆ ಈಗ ಬರಬೇಕು ಅನ್ನಿಸ್ತಿದೆ. ಯಾಕೆ ಅಂತ ನನಗೇ ಗೊತ್ತಾಗ್ತಿಲ್ಲ.”

ಸಿಟ್ಟು ಬಂದಿದೆ. ಗುರುವಾರದ ನನ್ನ ಅಳು ನೆನೆದರೆ ನಾಚಿಕೆ. ಆದರೂ, ದೀಪಾವಳಿಯಿಂದ ಇಲ್ಲಿಯವರೆಗೆ ಅವನು ಆಡಿದ ಮಾತಿನಲ್ಲಿ ಪೂರ್ತಿ ನಂಬಬಹುದಾದದ್ದು ಎರಡೇ. ಹಿಮದಲ್ಲಿ ಹೇಳಿದ್ದು, ಇವತ್ತು ಹೇಳಿದ್ದು. ಎರಡೂ ‘ಇಲ್ಲ’.

ವೀಸಾಕ್ಕೆ ಅವನ ಹೆಸರು ಸೇರಿಸುತ್ತೇನೆ. ಅದರಲ್ಲಿ ಅನುಮಾನವಿಲ್ಲ, ನಡುರಸ್ತೆಯಲ್ಲಿ ಬಿಟ್ಟು ಹೋಗುವವಳಲ್ಲ ನಾನು. ಆದರೆ ಈ ಗಾಡಿ... ಸೇಲ್ಸ್‌ನವನು ಈಗಷ್ಟೇ ಬಂದು ಕೇಳಿ ಹೋದ. ಒಂದು ಹೆಸರಿಗೋ, ಇಬ್ಬರ ಹೆಸರಿಗೋ? ಗಂಡನನ್ನು ಕೇಳಿ ಹೇಳುತ್ತೀರಾ ಎಂದ. ಬೇಡ, ಎರಡು ನಿಮಿಷ ಕೊಡಿ ಎಂದೆ.

ನನ್ನೊಬ್ಬಳದ್ದೇ. ಇದು ನನ್ನ ಜೀವ ಉಳಿಸಬೇಕಾದ ಗಾಡಿ. ಯಾವತ್ತೋ ಒಂದು ದಿನ ಅವನಿಗೆ ಇಲ್ಲಿ ಕೆಲಸ ಸಿಕ್ಕಿ, ಉಸಿರು ಕಟ್ಟಿ, ಹೊರಟುಬಿಟ್ಟರೂ ಇದು ನನ್ನ ಮನೆಮುಂದೆ ನಿಂತಿರಬೇಕು. ಬಂದರೆ ಬರಲಿ, ಪಕ್ಕದಲ್ಲಿ ಕೂರಲಿ. ಬರಲಿ ಅಂತಲೇ ಆಸೆ, ಸುಳ್ಳು ಯಾಕೆ ಬರೆಯಲಿ.

ಗಾಜಿನ ಬಾಗಿಲು ತಳ್ಳಿಕೊಂಡು ಬರುತ್ತಿದ್ದಾನೆ. ಕಣ್ಣು ಕೆಂಪಗಿದೆ. ಅವನು ಬಂದು ಕೂರುವ ಮೊದಲೇ ಸೇಲ್ಸ್‌ನವನನ್ನು ಕರೆದು ಹೇಳಿಬಿಡಬೇಕು. ಈ ಮುಖವನ್ನು ಹತ್ತಿರದಿಂದ ನೋಡಿದರೆ ಮತ್ತೆ ನಾನು ‘ಇಬ್ಬರದ್ದೂ’ ಎಂದು —