ಡೈ ಹಚ್ಚಿದ ಗಿಡ

ಜೂನ್ 2, ಸೋಮವಾರ

ಷಟರ್ ಎತ್ತಿದೆ. ಗಿಡಕ್ಕೆ ನೀರು ಹಾಕಿದೆ. ನರ್ಸರಿಯವನು ಸಾಲ್ವಿಯಾ ಅಂದ, ನನಗೆ ನೀಲಮ್ಮ. ಅಂಗಡಿ ಬಾಗಿಲ ಪಕ್ಕದ ಪೇಂಟ್ ಡಬ್ಬದಲ್ಲಿ ಮೂರನೇ ವರ್ಷ ಹೂ ಬಿಡುತ್ತಿದ್ದಾಳೆ. ಕಟಿಂಗಿಗೆ ಬರುವವರಿಗಿಂತ ಜೇನುನೊಣಗಳೇ ಜಾಸ್ತಿ. ವಾಸಿ, ಅವು ರಾಜಕೀಯ ಮಾತಾಡಲ್ಲ.

ಇವತ್ತು ನಾಲ್ಕೈದು ಹೂತೆನೆ ಮಾಯ. ಬಣ್ಣ ಕಳೆದುಕೊಂಡಿದ್ದವು, ಆದರೂ ನನ್ನವು. ಮೇಕೆ ಮೇಯ್ದದ್ದಲ್ಲ. ಮೇಕೆ ಇಷ್ಟು ನೀಟಾಗಿ ಕತ್ತರಿ ಹಾಕಲ್ಲ.

ಎದುರುಗಡೆ ತಮ್ಮನ ಸಲೂನು. ನನ್ನ ಹತ್ತಿರವೇ ಕತ್ತರಿ ಹಿಡಿಯೋದು ಕಲಿತು, ಏಸಿ ಬೇಕು, ಫೇಶಿಯಲ್ ಬೇಕು ಅಂತ ಜಗಳ ಮಾಡಿ ಹೋದವನು. ಆರು ತಿಂಗಳಾಯ್ತು, ಅವತ್ತಿಂದ ಮಾತಿಲ್ಲ. ನಾನೇನೂ ಹೇಳುತ್ತಿಲ್ಲಪ್ಪ. ಸುಮ್ಮನೆ ಬರೆದಿಟ್ಟೆ.

ಜೂನ್ 5, ಗುರುವಾರ

ಮತ್ತೆ ಹೋಗಿವೆ. ಗಡ್ಡಕ್ಕೆ ಕೂತಿದ್ದ ಪೋಸ್ಟ್‌ಮ್ಯಾನಿಗೆ ಹೇಳಿದೆ, "ಈ ಬೀದೀಲಿ ಕತ್ತರಿ ಇರೋದು ಇಬ್ಬರ ಹತ್ರ. ಒಬ್ಬ ನಾನು."

"ಟೈಲರ್ ಹತ್ರಾನೂ ಇದೆಯಲ್ಲಣ್ಣ."

"ಅವನಾ? ಒಂದು ಪ್ಯಾಂಟ್ ಕತ್ತರಿಸೋಕೆ ತಿಂಗಳು ತಗೋತಾನೆ."

ಮೇಲೆ ಮನೇಲಿ ಇವಳಿಗೂ ಹೇಳಿದೆ. "ಬಾಡಿದ್ದು ತಾನೇ, ಹೋದ್ರೆ ಹೋಗ್ಲಿ ಬಿಡಿ" ಅಂದಳು. ಇವಳು ಯಾವಾಗಿಂದ ಆ ಪಾರ್ಟಿ?

ಜೂನ್ 18, ಬುಧವಾರ

ವಿಚಿತ್ರ. ಕತ್ತರಿಸಿದ ಕಡೆಯೆಲ್ಲ ಎರಡೆರಡು ಚಿಗುರು. ಡಬ್ಬದ ತುಂಬ ನೀಲಿ. ಜೇನುನೊಣಗಳ ಜೊತೆ ಚಿಟ್ಟೆಗಳೂ ಬಂದಿವೆ. ನಂಬಿಕೆ ಬರುತ್ತಿಲ್ಲ. ಕುರಿ ಕೊಬ್ಬಲಿ ಅಂತ ಕಾಯುತ್ತಿದ್ದಾನೆ ಎದುರಿನವನು. ಒಂದು ದಿನ ಬುಡಕ್ಕೇ ಕತ್ತರಿ ಇಡುತ್ತಾನೆ.

ಸಂಜೆ ಡೈಗೆ ಎಣ್ಣೆ ಬೆರೆಸಿ, ಬಾಡಿದ ತೆನೆಗಳ ತೊಟ್ಟಿಗೆ ಬ್ರಷ್‌ನಲ್ಲಿ ಬಳಿದೆ. ಮುಟ್ಟಿದವನ ಬೆರಳು ಕಪ್ಪಾಗಬೇಕು. ಸಿಕ್ಕಿಬೀಳಲಿ. ಇವನು ನನ್ನ ತಮ್ಮನೇ ಅಲ್ಲ ಅಂತ ಬೀದಿಯವರೆದುರೇ ಹೇಳುತ್ತೇನೆ. ಅಲ್ಲಿಗೆ ಮುಗೀತು.

ಜೂನ್ 19, ಗುರುವಾರ

ತೆನೆ ಇಲ್ಲ. ನೆಟ್ಟಗೆ ಅವನ ಬಾಗಿಲಿಗೆ ಹೋದೆ. ಬೆರಳು ನೋಡಿದೆ. ಕಪ್ಪು! ಬಾಯಿ ತೆರೆಯಬೇಕು… ನನ್ನ ಕೈ ಕಣ್ಣಿಗೆ ಬಿತ್ತು. ಅದೂ ಕಪ್ಪು. ದಿನಾ ಡೈ ಹಾಕುವ ಕೈ ಇನ್ನೇನಾಗಿರುತ್ತೆ? ಎಂಥಾ ತಲೆ ನನ್ನದು. ರೇಟ್ ಬೋರ್ಡ್ ಓದಿದ ಹಾಗೆ ಮಾಡಿ ವಾಪಸ್ ಬಂದೆ.

ಮಧ್ಯಾಹ್ನ ಊಟಕ್ಕೆ ಕೂತೆ. ಬಡಿಸುತ್ತಿದ್ದ ಇವಳ ಎರಡು ಬೆರಳು ಕಪ್ಪು.

"ಏನೇ ಇದು?"

"ನಿಮ್ಮ ಬುದ್ಧಿವಂತಿಕೆ. ತಿಕ್ಕಿದ್ರೂ ಹೋಗ್ತಿಲ್ಲ. ಬಾಡಿದ್ದು ತೆಗೆದ್ರೆ ಹೊಸದು ಬರುತ್ತೆ ಅಂತ ನಿಮ್ಮ ತಮ್ಮನೇ ಹೇಳಿಕೊಟ್ಟಿದ್ದು. ಅಣ್ಣ ಊರೋರ ತಲೆಗೆಲ್ಲ ಕತ್ತರಿ ಹಾಕ್ತಾನೆ, ಗಿಡಕ್ಕೆ ಮಾತ್ರ ಹಾಕಲ್ಲ, ನೀವೇ ಮಾಡಿ ಅತ್ತಿಗೆ ಅಂದ."

"ಅವನ ಹತ್ರ ಮಾತಾಡ್ತೀಯಾ ನೀನು?"

"ಬಿಟ್ಟಿದ್ದು ಯಾವಾಗ? ಮುನಿಸು ನಿಮ್ಮಿಬ್ಬರದು. ನನಗೆ ಮೈದುನ."

ಇನ್ನೂ ಏನೇನು ಮಾತಾಡುತ್ತಾರೋ.

ಜೂನ್ 20, ಶುಕ್ರವಾರ. ಸಂಜೆ

ಕೂದಲು ಕಾಲರ್ ದಾಟಿದೆ. ಅಂಗಡಿ ತುಂಬ ಕನ್ನಡಿ ಇದ್ದರೇನು, ತನ್ನ ಹಿಂದಲೆ ತಾನೇ ಕತ್ತರಿಸಿಕೊಳ್ಳೋಕಾಗಲ್ಲ. ಮೊದಲೆಲ್ಲ ನನ್ನದು ತಮ್ಮ ಕತ್ತರಿಸುತ್ತಿದ್ದ, ಅವನದು ನಾನು.

ಕಿಟಕಿಯಿಂದ ಕಾಣುತ್ತಿದ್ದಾನೆ. ಅವನ ಕೂದಲೂ ಕಿವಿ ಮುಚ್ಚಿದೆ. ಅಂದರೆ ಅವನೂ ಬೇರೆ ಯಾರಿಗೂ ತಲೆ ಕೊಟ್ಟಿಲ್ಲ…

ಅನುಮಾನ ಪೂರ್ತಿ ಹೋಗಿಲ್ಲ. ಆದರೂ ಇಳಿದು ಹೋಗುತ್ತೇನೆ. ಆ ಏಸಿಯಲ್ಲಿ ಕೂತು, ಕತ್ತಿ ಹಿಂಗತ್ತಿಗೆ ಬಂದಾಗ ತಲೆ ಬಗ್ಗಿಸಬೇಕು. ಮೊದಲ ಮಾತು ಏನಾಡಲಿ? ಸೈಡು ಸಣ್ಣ ಮಾಡು ಅಂತಲಾ? ಇಲ್ಲ, ಗಿಡದ್ದೇ ಎತ್ತಿ…

ಲೈಟ್ ಆರಿಸಿದ. ಷಟರ್ ಎಳೆಯುತ್ತಿದ್ದಾನೆ, ಓಡಬೇಕು, ಮಿಕ್ಕಿದ್ದು ಬಂದು